ನೀರು ಹದಕ್ಕೆ ಬರುವ ಮೊದಲು

ಅಮ್ಮನ ಕೋಣೆಯಿಂದ ಟಿವಿ ತೆಗೆದು, ಅದೇ ಮೇಜಿನ ಮೇಲೆ ಗಾಜಿನ ತೊಟ್ಟಿ ಇಟ್ಟೆ. ಅವಳು ಮಂಚದಲ್ಲಿ ದಿಂಬಿಗೆ ಒರಗಿ ನೋಡುತ್ತಿದ್ದಳು. ಡಯಾಲಿಸಿಸ್‌ಗೆ ಹೋಗಿಬರುವ ದಿನಗಳನ್ನು ಬಿಟ್ಟರೆ ಅವಳು ಆ ಮಂಚದಿಂದ ಹೆಚ್ಚು ಇಳಿಯುತ್ತಿರಲಿಲ್ಲ. ಆಸ್ಪತ್ರೆಗೆ ಹತ್ತಿರವಾಗಲೆಂದೇ ಸಾಗರದಲ್ಲಿ ಈ ಬಾಡಿಗೆ ಮನೆ ಹಿಡಿದಿದ್ದೆವು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ.

ಅಮ್ಮನ ತವರು ತೀರ್ಥಹಳ್ಳಿಯ ಹತ್ತಿರ, ತುಂಗೆಯ ದಡದಲ್ಲಿ. ಅಲ್ಲಿ ದೇವಸ್ಥಾನದ ಮೆಟ್ಟಿಲಿನ ಕೆಳಗೆ ಒಂದು ಮಡು ಇದೆ. ಅದರ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ, ಅವು ದೇವರವು. ಮೈಮೇಲೆ ಗಂಟು ಎದ್ದರೆ, ತುರಿಕೆ ಹತ್ತಿದರೆ, ಮೀನಿಗೆ ಮಂಡಕ್ಕಿ ಹಾಕುತ್ತೇನೆ ಎಂದು ಜನ ಹರಕೆ ಹೊರುತ್ತಾರೆ. ಕಿಡ್ನಿ ಕೈಕೊಟ್ಟ ಮೇಲೆ ಅಮ್ಮನಿಗೆ ಮೈಯೆಲ್ಲ ತುರಿಕೆ. ಅದು ಚರ್ಮದ ಕಾಯಿಲೆಯಲ್ಲ, ರಕ್ತದಲ್ಲಿ ಉಳಿದ ಕಸದಿಂದ ಬರುವುದು ಎಂದು ಡಾಕ್ಟರು ವಿವರಿಸಿದ್ದರು. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಮನೆಗೆ ಬಂದು ಹರಕೆ ಹೊತ್ತಳು. ತೀರಿಸಲು ಆ ಮೆಟ್ಟಿಲು ಇಳಿಯುವ ಶಕ್ತಿ ಆಮೇಲೆ ಬರಲೇ ಇಲ್ಲ.

"ಹರಕೆ ಬಾಕಿ ಇಟ್ಕೊಂಡು ಹೋಗ್ಬಾರ್ದು ಮಾರಾಯ್ತಿ," ಎಂದು ಒಮ್ಮೆ ಹೇಳಿದಳು.

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಕೆಲಸ ಮಾಡುವುದು ಬರುತ್ತದೆ. ತೀರ್ಥಹಳ್ಳಿಗೆ ಹೋಗಿ ಆ ಮಡುವಿನ ದಡದಿಂದ ಒಂದು ಚೀಲ ಉರುಟು ಕಲ್ಲು, ಒಂದು ಚೀಲ ಮರಳು ತಂದೆ. ಮರಳನ್ನು ಬಕೆಟ್ಟಿನಲ್ಲಿ ಹಾಕಿ, ಮೇಲಿನ ನೀರು ತಿಳಿಯಾಗುವವರೆಗೆ ತೊಳೆದೆ. ಹೊಳೆಯಲ್ಲಿ ದೊಡ್ಡ ಕಲ್ಲಿನ ಬೆನ್ನಿಗೆ ಸಣ್ಣ ಕಲ್ಲುಗಳು ಸೇರಿಕೊಳ್ಳುತ್ತವೆ, ಮರಳು ಒಂದು ಬದಿಗೆ ಮಾತ್ರ ಗುಡ್ಡೆಯಾಗುತ್ತದೆ. ಅದನ್ನು ಫೋಟೋ ತೆಗೆದುಕೊಂಡು ಬಂದು ಹಾಗೆಯೇ ಜೋಡಿಸಿದೆ. ಒಣಗಿದ ಮರದ ಬೇರನ್ನು ಕುದಿಸಿ, ಅತ್ತಿಮರದ ಒಣ ಎಲೆಗಳೊಂದಿಗೆ ಒಳಗಿಟ್ಟೆ. ಬಾವಿಯ ನೀರು ತುಂಬಿದೆ. ನೀರು ಎಡದಿಂದ ಬಲಕ್ಕೆ ಮಾತ್ರ ಹರಿಯುವಂತೆ ಪಂಪು ಕೂರಿಸಿದೆ.

"ಎಡಗಡೆ ಶೃಂಗೇರಿ, ಬಲಗಡೆ ಮಂಡಗದ್ದೆ ಅನ್ನು," ಎಂದಳು ಅಮ್ಮ, ತುಂಗೆ ಹರಿಯುವ ದಿಕ್ಕು ನೆನೆದು. ತುಂಬ ದಿನಗಳ ಮೇಲೆ ನಕ್ಕಿದ್ದಳು.

ಆದರೆ ಮೀನು ಕೂಡಲೇ ಬಿಡುವಂತಿರಲಿಲ್ಲ. ಮೀನಿನ ಹೊಲಸು, ಉಳಿದ ಆಹಾರ ಎಲ್ಲವೂ ಕೊಳೆತು ನೀರಿನಲ್ಲಿ ವಿಷವಾಗುತ್ತದೆ. ಆ ವಿಷವನ್ನು ಕಳೆಯುವ ಸೂಕ್ಷ್ಮಜೀವಿಗಳು ಕಲ್ಲು ಮರಳಿನಲ್ಲಿ ಬೆಳೆಯಲು ವಾರಗಟ್ಟಲೆ ಬೇಕು. ಒಂದು ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು ಔಷಧಿಯ ಹನಿ ಬಿಟ್ಟರೆ ಬಣ್ಣ ತಿಳಿಸುತ್ತದೆ. ಹಳದಿಯಾದರೆ ಸರಿ, ಹಸಿರಾದರೆ ಕಾಯಬೇಕು. ನನಗೆ ದಿನವೂ ಹಸಿರೇ ಬರುತ್ತಿತ್ತು.

"ಮೀನಿಲ್ದೇ ಇರೋ ನೀರಿಗೆ ದಿನಾ ಲೈಟ್ ಹಾಕ್ತೀಯಲ್ಲೇ," ಎನ್ನುತ್ತಿದ್ದಳು.

"ನೀರು ಇನ್ನೂ ಹದಕ್ಕೆ ಬಂದಿಲ್ಲಮ್ಮ."

"ಹೊಳೇಲಿ ಯಾರು ಹದ ನೋಡ್ತಾರೆ?"

ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದಾಗ ತೊಟ್ಟಿಯ ಮೇಲೆ ಮಂಡಕ್ಕಿ ತೇಲುತ್ತಿತ್ತು. ಮಂಚದಿಂದ ಮೇಜಿನವರೆಗೆ ಗೋಡೆ ಹಿಡಿದು ನಡೆದು ಹಾಕಿದ್ದಳು. ಕೆಳಗಿಳಿದ ಕಾಳುಗಳು ಆಗಲೇ ಉಬ್ಬಿ ಕಲ್ಲಿನ ಸಂದಿ ಸೇರಿದ್ದವು. ನಾನು ಜಾಲರಿಯಲ್ಲಿ ತೆಗೆದೆ. ಮರುದಿನ ನೀರು ಹಾಲು ಬೆರೆತಂತೆ ಮಬ್ಬಾಗಿತ್ತು. ಕೊಳವೆಯ ಹಸಿರು ಇನ್ನಷ್ಟು ದಟ್ಟವಾಗಿತ್ತು.

ಅದೇ ವಾರ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದರು. ಡಯಾಲಿಸಿಸ್‌ನ ಸೂಜಿ ತಡೆಯಲಾರದೆ ಅಮ್ಮನ ರಕ್ತನಾಳಗಳು ಸೋಲುತ್ತಿವೆ, ಇನ್ನು ಹೆಚ್ಚು ಕಾಲ ಎಳೆಯುವುದು ಕಷ್ಟ ಎಂದರು. ವಾಪಸು ಬರುವಾಗ ಆಟೋದಲ್ಲಿ ಅಮ್ಮ, "ಮೀನು ಯಾವಾಗ ಬತ್ತಾವೆ?" ಎಂದಷ್ಟೇ ಕೇಳಿದಳು.

ಮನೆಗೆ ಬಂದು ಮಾವನಿಗೆ ಫೋನ್ ಮಾಡಿದೆ. ಅಮ್ಮನ ತಮ್ಮನಾದ ಅವರು ಇರುವುದು ಹೊಸನಗರದಲ್ಲಿ. ತುಂಗೆಯ ಮಡುವಿನ ಮೀನು ತರುವಂತಿಲ್ಲ, ಆ ವಿಷಯದಲ್ಲಿ ಅಮ್ಮನದು ಒಂದೇ ಮಾತು. ಮಾವ ತಮ್ಮ ಗದ್ದೆಯ ಕೆಳಗಿನ ಹಳ್ಳದಲ್ಲಿ ಬಲೆ ಹಾಕಿ, ಬಾಲದ ಬುಡದಲ್ಲಿ ಕಪ್ಪು ಚುಕ್ಕೆಯಿರುವ ಬೆರಳುದ್ದದ ಮೀನುಗಳನ್ನು ಮುಚ್ಚಳದ ಬಕೆಟ್ಟಿನಲ್ಲಿ ಬಸ್ಸಿನಲ್ಲಿ ತಂದರು. ಆ ಹಳ್ಳ ಸೇರುವುದು ಶರಾವತಿಯನ್ನು. ಕಲ್ಲು ಒಂದು ಹೊಳೆಯದು, ಮೀನು ಇನ್ನೊಂದರದು. ನನ್ನ ಲೆಕ್ಕ ಅಲ್ಲಿಗೇ ತಪ್ಪಿತ್ತು.

"ಕಂಡಕ್ಟ್ರು ಎಂತದು ಅಂತ ಕೇಳ್ದ. ನಮ್ಮಕ್ಕನ ದೇವ್ರಿಗೆ ಸಾಗರಕ್ಕೆ ಟ್ರಾನ್ಸ್‌ಫರ್ ಆಗಿದೆ, ಸಾಮಾನು ಸಾಗಿಸ್ತಿದೀನಿ ಅಂದೆ," ಎಂದರು ಮಾವ.

"ನಿನ್ ಬಾಯಿಗೆ ಬೀಗ ಇಲ್ಲ ನೋಡು," ಎಂದಳು ಅಮ್ಮ. ಕಣ್ಣು ಮಾತ್ರ ಬಕೆಟ್ಟಿನ ಮೇಲೆಯೇ ಇತ್ತು.

ಬೆಳಿಗ್ಗೆ ನೋಡಿದಾಗಲೂ ಕೊಳವೆಯ ನೀರು ಹಸಿರಾಗಿಯೇ ಇತ್ತು. ಆದರೂ ಬಿಟ್ಟೆ. ಮೀನುಗಳು ಮೊದಲು ಕಲ್ಲಿನ ಹಿಂದೆ ಅಡಗಿದವು. ಆಮೇಲೆ ಒಂದೊಂದಾಗಿ ಬಂದು, ನೀರಿನ ಸೆಳೆತಕ್ಕೆ ಎದುರಾಗಿ ನಿಂತವು. ಅಮ್ಮ ಸೀರೆ ಸರಿಮಾಡಿಕೊಂಡು, ಕೈಮುಗಿದು, ಬೊಗಸೆಯಿಂದ ಮಂಡಕ್ಕಿ ಹಾಕಿದಳು. ಇದರಿಂದ ಹರಕೆ ಸಂದೀತೇ ಎಂದು ಮಾವ ಮೆಲ್ಲಗೆ ಕೇಳಿದ್ದಕ್ಕೆ, "ಕಲ್ಲು ಅಲ್ಲೀದೇ ಅಲ್ವನಾ? ದೇವ್ರಿಗೆ ಗೊತ್ತಾಗತ್ತೆ ಬಿಡು," ಎಂದಳು.

ಸಂಜೆಯ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದವು. ಬಾಯಿ ನೀರಿನ ಅಂಚಿಗೆ ತಾಗಿಸಿ ತೆರೆದು ಮುಚ್ಚುತ್ತಿದ್ದವು. ಕಿವಿರುಗಳು ಬೇಗಬೇಗ ಬಡಿಯುತ್ತಿದ್ದವು.

"ನೋಡೇ, ನೋಡೇ. ಮಡುವಲ್ಲೂ ಹೀಗೇ ಬತ್ತಿದ್ವು," ಎಂದಳು ಅಮ್ಮ. "ಇನ್ನೂ ಬೇಕಂತೆ."

ಅವು ಹಸಿವಿಗಲ್ಲ, ಉಸಿರು ಕಟ್ಟಿ ಮೇಲೆ ಬಂದಿದ್ದವು. ಮಾವ ನನ್ನ ಮುಖ ನೋಡಿದರು. ನಾನು "ಹೌದಮ್ಮ" ಎಂದೆ. ಅವಳು ಇನ್ನೊಂದು ಹಿಡಿ ಹಾಕಿದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಕಾಯಿಲೆಗೆ ಮೊದಲೂ ಹೆಚ್ಚು ಕಂಡಿರಲಿಲ್ಲ. ಅವಳಿಗೆ ನಿದ್ದೆ ಹತ್ತಿದ ಮೇಲೆ ಮಾವನೂ ನಾನೂ ಅರ್ಧ ನೀರು ತೆಗೆದು ಬಾವಿಯ ಹೊಸ ನೀರು ಹಾಕಿದೆವು.

ಬೆಳಿಗ್ಗೆ ಕೆಲವು ಮೀನುಗಳು ಅತ್ತಿಯೆಲೆಗಳ ಮೇಲೆ ಮಗುಚಿ ಬಿದ್ದಿದ್ದವು. ಅಮ್ಮ ಏಳುವ ಮೊದಲೇ ಅವನ್ನು ತೆಗೆದು ಹಿತ್ತಿಲಲ್ಲಿ ಮಣ್ಣು ಮಾಡಿದೆ. ಉಳಿದವು ಕಲ್ಲಿನ ಮರೆಯಲ್ಲಿದ್ದವು.

ಆಸ್ಪತ್ರೆಗೆ ಹೊರಡುವ ಮುಂಚೆ ದಿನದಂತೆ ಅವಳ ಕೈಗಳಿಗೆ ಕೊಬ್ಬರಿ ಎಣ್ಣೆ ಹಚ್ಚಲು ಕುಳಿತೆ. ಅವಳು ಬಹಳ ಹೊತ್ತು ತೊಟ್ಟಿಯ ಕಡೆಗೇ ನೋಡಿದಳು.

"ಎಲ್ಲಾ ಇದಾವಾ?"

"ಇದಾವೆ. ಒಳಗೆ ಅಡಗಿವೆ."

"ಹ್ಞೂಂ," ಎಂದಳು. ಆಮೇಲೆ, "ನಂಗೂ ನಿನ್ನೆಯಿಂದ ತುರಿಕೆ ಪೂರಾ ಕಡಿಮೆ," ಎಂದಳು.

ನನ್ನ ಬೆರಳಿನ ಕೆಳಗೆ ಅವಳ ತೋಳಿನುದ್ದಕ್ಕೂ ಉಗುರಿನ ಗೀರುಗಳಿದ್ದವು. ಒಂದೆರಡರಲ್ಲಿ ರಕ್ತ ಇನ್ನೂ ಒಣಗಿರಲಿಲ್ಲ. ಅವುಗಳ ಸುತ್ತ ಎಣ್ಣೆ ಹಚ್ಚಿ, ರವಿಕೆಯ ತೋಳನ್ನು ಕೆಳಗೆ ಎಳೆದೆ.