ಒತ್ತಕ್ಷರಕ್ಕೆ ಜಾಗ

ಅರಸೀಕೆರೆಯ ಕೊಬ್ಬರಿ ಮಂಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಕೆಳಗೆ ಮಾಲೀಕರ ಅಣ್ಣ ಕೊಬ್ಬರಿ ವ್ಯಾಪಾರ ಮಾಡುತ್ತಾರೆ, ಮೇಲೆ ನಾವು ನಾಲ್ವರು ವೆಬ್‌ಸೈಟ್ ಕಟ್ಟುತ್ತೇವೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂಜೆ ಊರಿಗೆ ಹೋಗಲು ಗಂಡಸಿ ಬಸ್ಸು ಹತ್ತಿದರೆ ಪಕ್ಕದವರು ನನ್ನ ದುಪಟ್ಟಾದ ವಾಸನೆ ಹಿಡಿದೇ ಮಂಡಿಯವಳೆಂದುಕೊಳ್ಳುತ್ತಿದ್ದರು.

ತಾಲ್ಲೂಕಿನ ಮಹಿಳಾ ಸಂಘಗಳ ಒಕ್ಕೂಟದವರು ಒಮ್ಮೆ ನಮ್ಮಲ್ಲಿಗೆ ಬಂದರು. ಎಣ್ಣೆ ಗಾಣ, ನಾರಿನ ಹಗ್ಗ, ಹೊಲಿಗೆಯಂಥ ತರಬೇತಿಗಳಿಗೆ ಸದಸ್ಯೆಯರು ಮೊಬೈಲಿನಲ್ಲೇ ಹೆಸರು ಕೊಡುವಂತಾಗಬೇಕು, ಎಲ್ಲವೂ ಕನ್ನಡದಲ್ಲಿರಬೇಕು ಎಂದರು. ಮಾಲೀಕರು ಆ ಕೆಲಸವನ್ನು ನನಗೆ ವಹಿಸಿದರು. ನನ್ನ ಅಮ್ಮನೂ ಅಂಥ ಒಂದು ಸಂಘದ ಸದಸ್ಯೆ.

ಇಂಥ ಪುಟ ಕಟ್ಟುವಾಗ ಬಟನ್ನು, ಬರೆಯುವ ಚೌಕ, ಆಯ್ಕೆಯ ಪಟ್ಟಿ, ಕ್ಯಾಲೆಂಡರುಗಳನ್ನು ಯಾರೂ ಮೊದಲಿನಿಂದ ಮಾಡುತ್ತಾ ಕೂರುವುದಿಲ್ಲ. ಇನ್ಯಾರೋ ಮಾಡಿಟ್ಟ ಬಿಡಿಭಾಗಗಳ ಸಂಗ್ರಹ ತಂದು ಜೋಡಿಸುತ್ತೇವೆ. ಕಾಂಪೊನೆಂಟ್ ಲೈಬ್ರರಿ ಎಂದು ಅದಕ್ಕೆ ಹೆಸರು. ನಮ್ಮ ಕಚೇರಿಯಲ್ಲಿ ಎಲ್ಲದಕ್ಕೂ ಒಂದೇ ಲೈಬ್ರರಿ: ಹೊರದೇಶದ್ದು, ಚೆಂದದ್ದು, ಊರೆಲ್ಲ ಬಳಸುವಂಥದ್ದು. ನಾನೂ ಅದನ್ನೇ ಹಾಕಿದೆ.

ಭಾನುವಾರ ಬೆಳಿಗ್ಗೆ ಪುಟವನ್ನು ಅಮ್ಮನ ಫೋನಿನಲ್ಲಿ ತೆರೆದು ಅವಳ ಕೈಗೆ ಕೊಟ್ಟೆ. ಅವಳು ಫೋನಿನ ಅಕ್ಷರವನ್ನು ದಪ್ಪ ಮಾಡಿಟ್ಟುಕೊಂಡಿದ್ದಾಳೆ. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ಓದಿದಳು.

"ಒಪಿಗೆ... ಒಪಿಗೆ ಅಂದ್ರೆ ಏನೇ?"

ಕೆಳಗಿನ ಬಟನ್ನಿಗೆ ಬಂದಳು. "ಸಲಿಸಿ." ಫೋನನ್ನು ನನಗೇ ವಾಪಸು ಕೊಟ್ಟಳು. "ನಂಗೆ ಸರ್ಯಾಗಿ ಓದಕ್ ಬರಾಕಿಲ್ಲ ಕಣೇ. ನೀನೇ ಒತ್ಬಿಡು."

ನೋಡಿದರೆ ಒಪ್ಪಿಗೆಯ ಒತ್ತೂ ಸಲ್ಲಿಸಿಯ ಒತ್ತೂ ಕತ್ತರಿಸಿಹೋಗಿದ್ದವು. ಆ ಲೈಬ್ರರಿ ಮಾಡಿದವರು ತಮ್ಮ ಅಕ್ಷರಗಳ ಎತ್ತರ ಅಳೆದು ಚೌಕ ಮಾಡಿದ್ದರು. ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ನೇತಾಡುತ್ತದೆಂದು ಅವರಿಗೆ ಹೊಳೆದೇ ಇರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಒತ್ತಿನ ಅರ್ಧ ಉಳಿದಿತ್ತು. ಉಳಿದರ್ಧವನ್ನು ನಾನು ಊಹಿಸಿಕೊಂಡು ಓದಿದ್ದೆ.

ಅಮ್ಮ ಊಹಿಸುವುದಿಲ್ಲ, ಇದ್ದುದನ್ನು ಇದ್ದಂತೆ ಓದುತ್ತಾಳೆ. ಅವಳಪ್ಪನನ್ನು ಶಾಲೆಯ ಜಗಲಿಯಿಂದ ಒಳಗೆ ಬಿಟ್ಟಿರಲಿಲ್ಲ. ಅವಳನ್ನು ಶಾಲೆಗೆ ಕಳಿಸುವ ಮಾತೇ ಬರಲಿಲ್ಲ. ನಾನು ಒಂದನೇ ತರಗತಿಗೆ ಸೇರಿದ ಮೇಲೆ, ಗೋಡೆಯ ಬುದ್ಧನ ಪಟದ ಕೆಳಗೆ ನನ್ನ ಪಕ್ಕ ಕೂತು ಅಕ್ಷರ ಕಲಿತಳು. ಒತ್ತಕ್ಷರ ಹತ್ತಲು ಬಹಳ ದಿನ ಹಿಡಿಯಿತು. ಅಂಥವಳು ಈಗ ತಪ್ಪು ತನ್ನದೇ ಎಂದುಕೊಂಡಳಲ್ಲ, ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಸೋಮವಾರ ಮಾಲೀಕರ ಮುಂದೆ ನಿಂತೆ. "ಈ ಲೈಬ್ರರಿ ಬೇಡ ಸಾರ್, ಬೇರೆ ಹಾಕ್ತೀನಿ."

"ಒಂದು ಒತ್ತಿಗೋಸ್ಕರ ಯಾರಾದ್ರೂ ಲೈಬ್ರರಿ ಬದಲಾಯಿಸ್ತಾರೇನಮ್ಮ? ಬಟನ್ ಮೇಲೆ ಸಬ್ಮಿಟ್ ಅಂತ ಹಾಕು. ಯಾರಿಗ್ ಗೊತ್ತಿಲ್ಲ?"

"ನಮ್ಮಮ್ಮಂಗೆ ಗೊತ್ತಿಲ್ಲ."

ಅವರಿಗೆ ಸಿಟ್ಟು ಬರಲಿಲ್ಲ. ಯೋಚಿಸಿಯೇ ಹೇಳಿದರು: "ಸರಿ, ಒತ್ತಿಲ್ಲದ ಪದ ಹಾಕು. ಕಳಿಸಿ ಅಂದ್ರಾಯ್ತು."

"ಬಟನ್‌ಗೆ ಕಳಿಸಿ ಅಂತ ಹಾಕ್ತೀನಿ. ಕೊಬ್ಬರಿಗೆ ಏನ್ ಹಾಕ್ಲಿ ಸಾರ್? ಸಂಘದಲ್ಲಿ ಅರ್ಧಕ್ಕರ್ಧ ಜನರ ಹೆಸರಿನ ಕೊನೇಲಿ ಅಮ್ಮ ಐತೆ. ಆ ಒತ್ತು ತೆಗೆದ್ರೆ ಅವರ ಹೆಸರು ಏನಾಯ್ತದೆ?"

ಕಚೇರಿಯಲ್ಲಿ ನಾನು ಐತೆ ಎಂದದ್ದು ಅದೇ ಮೊದಲು. ಉಳಿದಿಬ್ಬರು ತಲೆಯೆತ್ತಿ ನೋಡಿದರು. ನೋಡಲಿ ಎಂದುಕೊಂಡೆ.

ಮಾಲೀಕರು ಇರುವುದನ್ನೇ ತಿದ್ದು ಎಂದರು. ತಿದ್ದಿದೆ. ಚೌಕದ ಎತ್ತರ ಹೆಚ್ಚಿಸಿದರೆ ಅದರ ಮೇಲಿನ ತಲೆಬರಹ ಬಂದು ಗೆರೆಗೆ ಬಡಿಯಿತು, ಅದನ್ನು ಸರಿಸಿದರೆ ಆಯ್ಕೆಯ ಪಟ್ಟಿ ಹೊರಗೆ ಚೆಲ್ಲಿತು. ಆ ವಾರವಿಡೀ ತೇಪೆ ಹಾಕಿ ಹಾಕಿ, ಕೊನೆಗೆ ಬಟ್ಟೆಗಿಂತ ತೇಪೆಯೇ ಹೆಚ್ಚಾಯಿತು. ಆಗ ಎಲ್ಲ ಕಿತ್ತುಹಾಕಿ, ಹೆಚ್ಚು ಜನ ಬಳಸದ ಚಿಕ್ಕ ಲೈಬ್ರರಿಯೊಂದನ್ನು ತಂದೆ. ಪಟ್ಟಿ ತೆರೆಯುವುದು, ಮುಚ್ಚುವುದು, ಕಣ್ಣು ಕಾಣದವರಿಗೆ ಫೋನು ಓದಿ ಹೇಳುವಂತೆ ಮಾಡುವುದು, ಇಷ್ಟೇ ಅದರ ಕೆಲಸ. ಅಳತೆ, ಬಣ್ಣ, ರೂಪವೆಲ್ಲ ನಮಗೇ ಬಿಟ್ಟದ್ದು. ಅದರಲ್ಲಿ ಕ್ಯಾಲೆಂಡರ್ ಇರಲಿಲ್ಲ. ದಿನ, ತಿಂಗಳು, ವರ್ಷಕ್ಕೆ ಮೂರು ಚೌಕ ಇಟ್ಟೆ.

"ನಾಳೆ ಕೆಟ್ರೆ ನೀನೇ ನೋಡ್ಕೋಬೇಕು. ಬೇರೆ ಯಾರೂ ಕೈ ಹಾಕಲ್ಲ" ಎಂದರು ಮಾಲೀಕರು.

"ನೋಡ್ಕೋತೀನಿ."

ಒಕ್ಕೂಟದ ಅಧ್ಯಕ್ಷೆಗೆ ತೋರಿಸಿದಾಗ ಆಕೆ, "ಸ್ವಲ್ಪ ಸಪ್ಪೆ ಐತಲ್ಲಮ್ಮ" ಎಂದರು. ಮಾಲೀಕರು ನನ್ನ ಕಡೆ ತಿರುಗಿದರು.

"ಓದಕ್ಕಾಯ್ತದಾ?" ಎಂದು ಆಕೆಯನ್ನು ಕೇಳಿದೆ.

"ಓದಕ್ಕೇನು, ಚೆನ್ನಾಗೇ ಆಯ್ತದೆ."

"ಹಂಗಾದ್ರೆ ಸಪ್ಪೆಯಾಗೇ ಇರ್ಲಿ ಬಿಡಿ." ಆಕೆ ನಕ್ಕು ಒಪ್ಪಿದರು.

ಆ ದೊಡ್ಡ ಲೈಬ್ರರಿಯವರನ್ನೂ ನಾನು ಬಿಡಲಿಲ್ಲ. ಕತ್ತರಿಸಿದ ಒತ್ತುಗಳ ಚಿತ್ರ ಹಾಕಿ, ಎಲ್ಲರಿಗೂ ಕಾಣುವ ಅವರ ದೂರಿನ ಪುಟದಲ್ಲಿ ಬರೆದೆ. ನಿಮ್ಮ ಫಾಂಟಿನ ತೊಂದರೆ ಎಂದು ಉತ್ತರಿಸಿ ದೂರನ್ನು ಮುಚ್ಚಿದರು. ಬೇರೆ ಬೇರೆ ಫಾಂಟಿನ ಚಿತ್ರ ಹಾಕಿ ಮತ್ತೆ ತೆರೆದೆ. ಮತ್ತೆ ಮುಚ್ಚಿದರು. ಮತ್ತೆ ತೆರೆದೆ. ಅಷ್ಟರಲ್ಲಿ ತೆಲುಗಿನವರೊಬ್ಬರು ತಮ್ಮ ಚಿತ್ರ ಸೇರಿಸಿದರು, ಆಮೇಲೆ ಬರ್ಮಾದವರೊಬ್ಬರು. ಅದಿನ್ನೂ ಸರಿಹೋಗಿಲ್ಲ. ಈಗ ಮುಚ್ಚುವ ಧೈರ್ಯವನ್ನೂ ಅವರು ಮಾಡುತ್ತಿಲ್ಲ.

ಅಮ್ಮ ಗಾಣದ ತರಬೇತಿಗೆ ಹೆಸರು ಕೊಟ್ಟದ್ದು ನಾನು ಮನೆಯಲ್ಲಿಲ್ಲದಾಗ. ಸಂಜೆ ಮುದ್ದೆ ತಿರುವುತ್ತಾ, "ಹೋಗ್ ಬತ್ತೀನಿ, ಬಾಣಾವರದಲ್ಲಂತೆ" ಎಂದಳು, ಅಷ್ಟೇ.

ಮೊನ್ನೆ ಬೇಲೂರಿನ ಲಾಡ್ಜೊಂದರ ಕೆಲಸ ಬಂತು. ಮಾಲೀಕರು ಮೊದಲೇ ಹೇಳಿಬಿಟ್ಟರು: "ಇದಕ್ಕೆ ಹಳೇ ಲೈಬ್ರರಿನೇ. ಬರೋರೆಲ್ಲ ಟೂರಿಸ್ಟ್‌ಗಳು, ಇಂಗ್ಲಿಷ್ ಸಾಕು."

"ಬರೋರು ಟೂರಿಸ್ಟ್‌ಗಳು ಸಾರ್. ದಿನಾ ಬುಕಿಂಗ್ ನೋಡಿ ರೂಮ್ ತೆಗೆದುಕೊಡೋರು ಯಾರು?"

ಅವರು ಕೆಳಗೆ ಅಣ್ಣನ ಮಂಡಿಗೆ ಇಳಿದು ಹೋದರು. ಟೂರಿಸ್ಟರ ಪುಟವನ್ನು ಹಳೇ ಲೈಬ್ರರಿಯಲ್ಲೇ ಬೇರೆಯವರು ಮಾಡುತ್ತಿದ್ದಾರೆ. ಲಾಡ್ಜಿನ ಕೆಲಸದವರು ಬುಕಿಂಗ್ ನೋಡಲು ಕನ್ನಡದ ಪುಟವೊಂದನ್ನು ಯಾರೂ ನನಗೆ ವಹಿಸಲಿಲ್ಲ. ನಾನೇ ಶುರು ಮಾಡಿದ್ದೇನೆ.