ಅರಕಲಗೂಡಿನ ಹಳೇ ಫೋಲ್ಡರು

ನಾಲ್ಕು ಊರಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಮಾತಾಡಿಸುವ ಸಾಫ್ಟ್‌ವೇರ್ ಬಂದ ಮೇಲೆ, ನಾಲ್ಕು ಊರಿನವರೂ ನನ್ನೊಬ್ಬನ ಮೇಲೆ ಜಗಳಕ್ಕೆ ನಿಂತರು. ನಾನು ಹಾಸನದ ಒಂದು ಎಕ್ಸ್‌ರೇ ಸೆಂಟರಿನಲ್ಲಿ ಟೆಕ್ನಿಷಿಯನ್. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ನಮ್ಮ ಶಾಖೆಗಳಿವೆ. ಅಲ್ಲಿ ತೆಗೆದ ಪಟವನ್ನು ಇಲ್ಲಿ ಕೂತ ಡಾಕ್ಟರು ನೋಡಬೇಕು, ಅಲ್ಲಿನ ಫೈಲನ್ನು ನಾನು ಇಲ್ಲಿಂದಲೇ ತೆಗೆಯಬೇಕು. "ಪಕ್ಕದ ರೂಮಿನ ಬೀರು ತೆಗೆದ ಹಾಗೆ ಸಾರ್" ಅಂದಿದ್ದ, ಅದನ್ನು ಕೂರಿಸಿ ಹೋದ ಕಂಪನಿಯವನು. ಅವನ ಬಾಯಿಗೆ ಸಕ್ಕರೆ ಹಾಕಬೇಕು! ದಿನಕ್ಕೆ ಹತ್ತು ಸಲ ಆ ಬೀರುವೇ ಮಾಯವಾಗುತ್ತದೆ. ತೆರೆಯ ಮೇಲೆ ಊರಿಗೊಂದು ಹಸಿರು ಚುಕ್ಕೆ. ಚುಕ್ಕೆ ಕೆಂಪಾಯಿತು ಅಂದರೆ ಆ ಊರು ನಮ್ಮ ಪಾಲಿಗೆ ಇಲ್ಲ.

"ಸಾ, ಆಸನದ ಕಂಪ್ಯೂಟ್ರು ಕಾಣ್ತಿಲ್ಲ" ಅಂತ ಚನ್ನರಾಯಪಟ್ಟಣದಿಂದ ಫೋನು ಬರುತ್ತದೆ. "ಆಸನ ಅಲ್ಲಮ್ಮ, ಹಾಸನ" ಅಂತ ಮೊದಲು ಅದನ್ನು ತಿದ್ದಿ, ಆಮೇಲೆ ಕಂಪ್ಯೂಟರಿನ ಕಡೆ ತಿರುಗುತ್ತಿದ್ದೆ. ಅದು ನನ್ನ ಚಟ. ನಾನೂ ಅದೇ ತಾಲ್ಲೂಕಿನ ಹಳ್ಳಿಯವನು. ಹಕಾರ ನುಂಗಿದಾಗಲೆಲ್ಲ ಮೇಷ್ಟರು ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಬಾರಿಸಿ ನನ್ನ ನಾಲಗೆ ತಿದ್ದಿದ್ದರು. ಏಟು ತಿಂದು ಕಲಿತದ್ದನ್ನು ಇನ್ನೊಬ್ಬರಿಗೆ ಪುಕ್ಕಟೆ ಹಂಚುವುದರಲ್ಲಿ ನನಗೊಂದು ಜಂಬವಿತ್ತು. ಅವ್ವ ಫೋನು ಮಾಡಿದರೆ ಅವಳನ್ನೂ ತಿದ್ದುತ್ತಿದ್ದೆ. ಈಚೆಗೆ ಅವಳು ನಾಲ್ಕು ಮಾತಾಡಿ ಫೋನನ್ನು ತಮ್ಮನ ಕೈಗೆ ಕೊಟ್ಟುಬಿಡುತ್ತಿದ್ದಳು.

ಒಂದು ಸೋಮವಾರ ಮಲ್ಲಿಪಟ್ಟಣದ ಕಡೆಯಿಂದ ಒಬ್ಬ ಹೆಂಗಸು ಬಂದರು. ಐವತ್ತು ದಾಟಿದ ವಯಸ್ಸು, ಕೂಲಿ ಮಾಡಿ ಒರಟಾದ ಕೈ, ಜೊತೆಗೆ ಯಾರೂ ಇಲ್ಲ. ತಿಂಗಳಿಂದ ಕೆಮ್ಮು. ಎದೆಯ ಪಟ ತೆಗೆದೆ. ಬಲಗಡೆ ಶ್ವಾಸಕೋಶದಲ್ಲಿ ಕಡಲೆಕಾಳಿನಷ್ಟು ಬಿಳಿ ಮಚ್ಚೆ ಕಂಡಿತು. ಡಾಕ್ಟರು ತುಂಬ ಹೊತ್ತು ಅದನ್ನೇ ನೋಡಿ, "ಮೊದಲು ಯಾವಾಗಾದರೂ ಎಕ್ಸ್‌ರೇ ತೆಗೆಸಿದ್ರಾ?" ಅಂತ ಕೇಳಿದರು.

"ಊಂ ಸಾ, ಅರಕಲಗೂಡಲ್ಲಿ, ನಿಮ್ದೇ ಅಂಗ್ಡೀಲಿ. ಐದಾರು ವರ್ಸ ಆಯ್ತು. ಆಗ್ಲೂ ಇದೇ ಕೆಮ್ಮು."

"ಆ ಫಿಲ್ಮು ಎಲ್ಲಿ?"

"ಗ್ರಾಣದ್ ದಿನ ಮೊಮ್ಮಕ್ಳು ಕತ್ರಿಸ್ಕಂಡು ಸೂರ್ಯನ್ನ ನೋಡ್ಬುಟ್ವು ಸಾ."

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಹಳೇ ಪಟದಲ್ಲೂ ಮಚ್ಚೆ ಇಷ್ಟೇ ಇದ್ದರೆ ಅದು ಯಾವುದೋ ಕಾಲದ ಗಾಯದ ಕಲೆ, ಹೆದರುವುದೇನಿಲ್ಲ. ಹಳೇ ಪಟ ಸಿಗದಿದ್ದರೆ ನಾಳೆ ಬೆಳಿಗ್ಗೆಯೇ ಎದೆಗೆ ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಒಂದು ಗಂಟೆಗೆ ಅವರು ಮೈಸೂರಿಗೆ ಹೊರಡುವವರಿದ್ದರು. "ಅಷ್ಟರಲ್ಲಿ ಅರಕಲಗೂಡಿಂದ ತೆಗೀರಿ" ಅಂದರು. ಆಗಲೇ ಹನ್ನೆರಡಾಗಿತ್ತು.

ಸೂಜಿ ಅನ್ನುವುದು ಆಕೆಯ ಕಿವಿಗೆ ಬಿದ್ದಿತ್ತು. "ನಮ್ಮಕ್ಕಂಗೂ ಇಂಗೇ ಎದೆಗೆ ಸೂಜಿ ಆಕ್ತೀವಿ ಅಂದ್ರು ಸಾ. ಮನೆಗ್ ತಿರ್ಗಿ ಬರ್ನೇ ಇಲ್ಲ ಅವ್ಳು" ಅಂದರು. ಬಾಗಿಲ ಕಡೆ ನೋಡಿ, "ಇವತ್ತೋ ನಾಳೆನೋ ಎಮ್ಮೆ ಈಯ್ತದೆ. ನಾನಿಲ್ದಿದ್ರೆ ಅದು ಯಾರ್ನೂ ಅತ್ರ ಬುಡಾಕಿಲ್ಲ" ಅಂದರು. ನನ್ನ ಮೇಜಿನ ಪಕ್ಕದ ಸ್ಟೂಲಿನ ತುದಿಯಲ್ಲಿ ಸೆರಗು ಹಿಂಡುತ್ತ ಕೂತರು.

ತೆರೆ ನೋಡಿದರೆ ಅರಕಲಗೂಡಿನ ಚುಕ್ಕೆ ಕೆಂಪು. ಥೂ! ಅಲ್ಲಿನ ನರ್ಸಮ್ಮನಿಗೆ ಫೋನು ಮಾಡಿದೆ. "ಕಂಪ್ಯೂಟ್ರು ಆಫಾಗ್ಯದೆ ಸಾ. ಬಿಸ್ನೀರು ಕಾಯ್ಸಾಕೆ ಅದ್ರ ವೈರು ತಗ್ದು ಕೆಟ್ಲು ಆಕಿದ್ವಿ." ಕೆಟ್ಲು ತೆಗೆಸಿ, ಕಂಪ್ಯೂಟರು ಎದ್ದು, ಚುಕ್ಕೆ ಹಸಿರಾಗುವಷ್ಟರಲ್ಲಿ ಹನ್ನೆರಡೂವರೆ. ಐದಾರು ವರ್ಷದ ಹಿಂದಿನ ಪಟಗಳೆಲ್ಲ ಒಂದು ಹಳೇ ಫೋಲ್ಡರಿನಲ್ಲಿದ್ದವು. ಅದರ ಮೇಲೆ ಒತ್ತಿದೆ. ಪಾಸ್‌ವರ್ಡ್ ಕೇಳಿತು. ಅಲ್ಲಿ ಕೂತು ತೆಗೆದರೂ ಅದನ್ನೇ ಕೇಳುತ್ತದೆ. ಐದು ಸಲ ತಪ್ಪಿದರೆ ಬೀಗ ಬೀಳುತ್ತದೆ, ಆಮೇಲೆ ಕಂಪನಿಯವನೇ ಬರಬೇಕು. ಅವನು ಇವತ್ತು ಕರೆದರೆ ಬರುವುದು ನಾಡಿದ್ದು.

ಪಾಸ್‌ವರ್ಡ್ ಗೊತ್ತಿದ್ದವರು ಒಬ್ಬರೇ, ಅರಕಲಗೂಡಿನಲ್ಲಿ ಮೊದಲಿದ್ದ ಹಿರಿಯ ಟೆಕ್ನಿಷಿಯನ್. ನನಗೆ ಕೆಲಸ ಕಲಿಸಿದವರು. ಈಗ ಕೆಲಸ ಬಿಟ್ಟು ಹಿರೀಸಾವೆಯಲ್ಲಿ ಮಗನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ. ಫೋನು ಮಾಡಿದೆ, ಅವರು ಎತ್ತಿದರೆ ಬರೀ ಬಸ್ಸಿನ ಹಾರನ್ ಸದ್ದು. ಸ್ಪೀಕರಿಗೆ ಹಾಕಿ, ಪಾಸ್‌ವರ್ಡ್ ಏನು ಅಂತ ಕಿರುಚಿದೆ.

"ಆಲು ಕಣ್ಲಾ!" ಅವರೂ ಕಿರುಚಿದರು. "ಆಲು ಅಂತ ಒಡಿ, ಇಂಗ್ಲೀಸಲ್ಲಿ, ಸಣ್ಣಕ್ಸರ!"

ಎ, ಎ, ಎಲ್, ಯು. ತಪ್ಪು. ಒಂದೇ ಎ ಹಾಕಿ ಹೊಡೆದೆ. ತಪ್ಪು.

"ಸರಿಯಾಗಿ ಹೇಳಿ ಸಾರ್, ಏನು ಅದು?"

"ಆಸನದಾಗೆ ಕುಂತ್ಕಂಡು ಆಲು ಗೊತ್ತಿಲ್ಲ ಅಂತಿಯಲ್ಲಾ! ಆಲು ಕಣಯ್ಯ, ಆಲು!"

ಹಾಸನ ಅಂದಮೇಲೆ ಇನ್ನೇನು, ಆಲೂಗೆಡ್ಡೆ. ಸಂತೆಗೆ ಬರುವ ಲಾರಿಯ ತುಂಬ ಅದೇ. ಕೊನೆಗೆ ಎರಡು ಓ ಹಾಕಿ ಹೊಡೆದೆ. ತಪ್ಪು. ಅದಕ್ಕೇ ಮುಂದೆ ಗೆಡ್ಡೆ ಸೇರಿಸಿ ಹೊಡೆದೆ. ಅದೂ ತಪ್ಪು! ಇನ್ನೊಂದೇ ಅವಕಾಶ ಉಳಿದಿದೆ ಅಂತ ತೆರೆಯ ಮೇಲೆ ಕೆಂಪಕ್ಷರ ಬಂತು. ನನಗೆ ತಲೆ ಕೆಟ್ಟುಹೋಯಿತು. ಗುರುಗಳು ಅನ್ನುವುದನ್ನೂ ಮರೆತು, "ಮನುಷ್ಯರಿಗೆ ಅರ್ಥ ಆಗೋ ಹಾಗೆ ಒಂದು ಪದ ಇಡೋಕಾಗಲಿಲ್ವಾ ನಿಮಗೆ!" ಅಂತ ಕೂಗಾಡಿದೆ. ಅವರು "ಓಗಲೋ" ಅಂತ ಫೋನಿಟ್ಟರು. ಗಡಿಯಾರ ನೋಡಿದೆ, ಹನ್ನೆರಡೂ ಐವತ್ತು. ಡಾಕ್ಟರು ಬ್ಯಾಗಿನ ಜಿಪ್ಪು ಎಳೆಯುವುದು ಕೇಳಿಸಿತು. ಹೆಂಗಸಿನ ಮುಖ ನೋಡುವ ಧೈರ್ಯವಾಗಲಿಲ್ಲ.

ಆಕೆಯೇ ಮಾತಾಡಿದರು. "ಸಾ, ಕ್ವಾಪ ಮಾಡ್ಕಬ್ಯಾಡಿ. ಯಾವ ಆಲು ಅಂತ ಕೇಳ್ಬೇಕಿತ್ತು ನೀವು. ಎಮ್ಮೇದಾ, ಅಸೀಂದಾ?"

ಹಾಲು! ನಮ್ಮ ಹಟ್ಟಿಯ ಮುಂದೆ ಅವ್ವ ತಂಬಿಗೆ ಹಿಡಿದು "ಆಲು ಕುಡ್ಕಂಡು ಓಗ್ಲಾ" ಅಂತ ಕೂಗುತ್ತಿದ್ದ ಹಾಲು. ಹತ್ತು ವರ್ಷ ದಿನಾ ಬೆಳಿಗ್ಗೆ ಆ ಕೂಗು ಕೇಳಿಯೇ ನಾನು ಸ್ಕೂಲಿಗೆ ಹೋಗಿದ್ದು. ಸ್ಕೇಲಿನ ಏಟು ನಾಲಗೆಯನ್ನಷ್ಟೇ ತಿದ್ದಿರಲಿಲ್ಲ, ನನ್ನ ಕಿವಿಯನ್ನೂ ಕಿವುಡು ಮಾಡಿಬಿಟ್ಟಿತ್ತು.

ಎಚ್, ಎ, ಎ, ಎಲ್, ಯು. ಒಂದೊಂದೇ ಅಕ್ಷರ ನೋಡಿ ಒತ್ತಿದೆ. ಫೋಲ್ಡರು ತೆರೆದುಕೊಂಡಿತು.

ಡಾಕ್ಟರು ಬ್ಯಾಗು ಹೆಗಲಿಗೆ ಹಾಕಿಕೊಂಡೇ ಬಂದು ನಿಂತರು. ಆಕೆಯ ಹೆಸರು, ವಯಸ್ಸು, ಊರು ಹಿಡಿದು ಹುಡುಕಿ ಹಳೇ ಪಟವನ್ನು ಹೊಸದರ ಪಕ್ಕ ಇಟ್ಟೆ. ಅರಕಲಗೂಡಿನಿಂದ ಅದು ತುಂಡು ತುಂಡಾಗಿ, ಮೇಲಿನಿಂದ ಕೆಳಕ್ಕೆ ಬರುತ್ತಿತ್ತು. ಮೊದಲು ಭುಜ, ಆಮೇಲೆ ಪಕ್ಕೆಲುಬು. ದರಿದ್ರದ್ದು, ಅರ್ಧಕ್ಕೆ ನಿಂತಿತು. ಡಾಕ್ಟರು ಗಡಿಯಾರ ನೋಡಿದರು. ಮತ್ತೆ ಇಳಿಯಿತು. ಬಲಗಡೆ, ಅದೇ ಜಾಗದಲ್ಲಿ, ಕಡಲೆಕಾಳಿನಷ್ಟೇ ಮಚ್ಚೆ. ಡಾಕ್ಟರು ಅಳತೆಗೋಲು ಎಳೆದು ಎರಡೂ ಕಡೆ ಅಳೆದರು. "ಒಂದು ಕೂದಲೆಳೆಯಷ್ಟೂ ಬೆಳೆದಿಲ್ಲ. ಹಳೇ ಕಲೆ. ಕೆಮ್ಮಿಗೆ ಮಾತ್ರೆ ಬರೀತೀನಿ" ಅಂದರು.

ಆಕೆಗೆ ಅದು ಅರ್ಥವಾಗಲಿಲ್ಲ. ಸ್ಟೂಲಿನಿಂದ ಎದ್ದು ನನ್ನ ಮುಖವನ್ನೇ ನೋಡಿ, "ಅಂಗಾರೆ ಸೂಜಿ ಆಕಲ್ವಾ?" ಅಂದರು.

"ಹಾಕುವುದಿಲ್ಲ" ಅನ್ನಲು ಬಾಯಿ ತೆರೆದೆ. ಇಪ್ಪತ್ತೈದು ವರ್ಷದಿಂದ ಕಾಪಾಡಿಕೊಂಡು ಬಂದ ಕನ್ನಡ ಅದು. ಬಾಯಿಂದ ಬಂದದ್ದೇ ಬೇರೆ.

"ಆಕಲ್ಲ ಕಣವ್ವ. ನಿಂಗೇನೂ ಆಗಿಲ್ಲ. ಓಗು, ಎಮ್ಮೆ ನೋಡ್ಕ ಓಗು."