ತಾಜಕ್ಕ ಮುದ್ದೆ ಮುಟ್ಟಬಾರದಂತೆ!

ಬೆಳಗಿನ ಐದು ಗಂಟೆ. ಲಗ್ಗೆರೆಯ ಪಂಪ್ ಬಿಡಿಭಾಗಗಳ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಹಸೀನ್‌ತಾಜ್ ಸೆರಗನ್ನು ತಲೆಗೆ ಬಿಗಿದುಕೊಂಡು ನಿಂತಿದ್ದಾರೆ. ದೊಡ್ಡ ಪಾತ್ರೆ ಅಲ್ಲಾಡದಂತೆ ಕವೆಗೋಲನ್ನು ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಹಿಟ್ಟಿನ ಕೋಲು ಹಿಡಿದು ತಿರುವುತ್ತಿದ್ದಾರೆ. ಐವತ್ತು ದಾಟಿದ ತೋಳು ಅದು ಎಂದರೆ ನಂಬುವುದು ಕಷ್ಟ. ಹದಕ್ಕೆ ಬಂದಮೇಲೆ ಅಂಗೈಯನ್ನು ತಣ್ಣೀರಿಗೆ ಅದ್ದಿ, ಹಬೆಯಾಡುವ ಹಿಟ್ಟನ್ನು ಬರಿಗೈಯಲ್ಲೇ ತೆಗೆದು ಉರುಳಿಸುತ್ತಾರೆ. ನಾನೂ ಒಂದು ಮುದ್ದೆ ಕಟ್ಟುತ್ತೇನೆಂದು ಹೋಗಿ ಬೆರಳು ಸುಟ್ಟುಕೊಳ್ಳುತ್ತೇನೆ.

"ಬಿಡಿ ಮೇಡಂ, ಪೆನ್ನು ಹಿಡಿಯೋ ಕೈ. ಅದೂ ಸುಟ್ಟೋದ್ರೆ ನಮ್ ಬಗ್ಗೆ ಯಾರು ಬರೀತಾರೆ?" ಎಂದು ನಗುತ್ತಾರೆ.

ರಾತ್ರಿ ಪಾಳಿ ಮುಗಿಸಿದವರು ಇಲ್ಲಿ ಉಂಡೇ ಮನೆಗೆ ಹೋಗುವುದು. ಬೆಳಿಗ್ಗೆ, ಮಧ್ಯಾಹ್ನ ಸೇರಿ ದಿನಕ್ಕೆ ಮುನ್ನೂರರ ಹತ್ತಿರ ಮುದ್ದೆ. ಕಾರ್ಖಾನೆಗೆಲ್ಲ ಅವರು ತಾಜಕ್ಕ. ಹುಟ್ಟಿದ್ದು ಮಾಗಡಿ ಪಕ್ಕದ ಹಳ್ಳಿಯಲ್ಲಿ, ಮದುವೆಯಾಗಿ ಬಂದದ್ದು ಬಾಪೂಜಿ ನಗರಕ್ಕೆ. ವೆಲ್ಡಿಂಗ್ ಮಾಡುತ್ತಿದ್ದ ಗಂಡನ ಕಣ್ಣು ಮಂಜಾದ ಮೇಲೆ ಸಂಸಾರ ನಡೆಯುತ್ತಿರುವುದು ಈ ಒಲೆಯಿಂದಲೇ. "ಬಿರಿಯಾನಿ ಮಾಡಕ್ಕೆ ಬರುತ್ತಾ ಅಂತ ಎಲ್ರೂ ಕೇಳ್ತಾರೆ. ನಮ್ಮಮ್ಮ ನಂಗೆ ಕಲಿಸಿದ್ದು ಮುದ್ದೆ, ಉಪ್ಸಾರು. ಅದನ್ನ ಯಾರೂ ಕೇಳಲ್ಲ" ಎನ್ನುತ್ತಾರೆ.

ಈ ಅಡುಗೆಮನೆಗೆ ಒಂದು ಪದ್ಧತಿಯಿದೆ. ಕಾರ್ತಿಕ ಕಳೆಯುವ ಹೊತ್ತಿಗೆ ಕೆಲವು ಕಾರ್ಮಿಕರು ಅಯ್ಯಪ್ಪನ ಮಾಲೆ ಹಾಕುತ್ತಾರೆ. ವ್ರತ ಮುಗಿಯುವವರೆಗೆ ತಮ್ಮ ಅಡುಗೆ ತಾವೇ ಮಾಡಿಕೊಳ್ಳಬೇಕು. ಅವರಿಗಾಗಿ ತಾಜಕ್ಕ ವರ್ಷವರ್ಷವೂ ಕಿಟಕಿ ಪಕ್ಕದ ಒಲೆ ಬಿಟ್ಟುಕೊಡುತ್ತಾರೆ. ತಾವೇ ನಿಂತು ಆ ಮೂಲೆ ತೊಳೆಸಿ, ಹೊಸ ಪಾತ್ರೆ ತರಿಸಿಟ್ಟು, ಮತ್ತೆ ಆ ಕಡೆ ಹೋಗುವುದಿಲ್ಲ. ಯಾರೂ ಹೇಳಿ ಮಾಡಿಸಿದ್ದಲ್ಲ. "ರಂಜಾನ್‌ನಲ್ಲಿ ಅವರು ನನ್ನ ಹತ್ರ ಕಾಫಿ ಕೂಡ ಕೇಳಲ್ಲ, ತಾವೇ ಕಾಸ್ಕೋತಾರೆ. ಹಂಗೇ ಇದೂ" ಎನ್ನುತ್ತಾರೆ.

ಕಳೆದ ಡಿಸೆಂಬರಿನಲ್ಲಿ ಯೋಗಾನಂದ ಎಂಬ ಹೊಸ ಮ್ಯಾನೇಜರ್ ಬಂದರು. ಕ್ಯಾಂಟೀನ್ ನೋಡಲು ಹೋದವರ ಕಣ್ಣಿಗೆ ಬಿದ್ದದ್ದು, ಕಪ್ಪು ಪಂಚೆಯ ನಾಲ್ವರು ಮೂಲೆಯಲ್ಲಿ ಬೇರೆಯಾಗಿ ಬೇಯಿಸಿಕೊಳ್ಳುತ್ತಿದ್ದುದು. ಇತ್ತ ಒಲೆಯ ಮುಂದೆ ಹಸೀನ್‌ತಾಜ್. ಇವರ ಕೈಯದು ಅವರಿಗೆ ಬೇಡವಾಗಿದೆ ಎಂದು ತಾವೇ ತೀರ್ಮಾನಿಸಿಬಿಟ್ಟರು. ಆ ನಾಲ್ವರನ್ನು ಒಂದು ಮಾತು ಕೇಳಲಿಲ್ಲ. ಮರುದಿನವೇ ತಾಜಕ್ಕನನ್ನು ಕರೆಸಿ, "ನಿಮ್ಮ ಜನದವರು ಮುದ್ದೆ ಮುಟ್ಟೋದು ಬೇಡಮ್ಮ, ಕಂಪ್ಲೇಂಟ್ ಇದೆ. ಪಾತ್ರೆ ತೊಳೀರಿ. ಸಂಬಳ ಏನೂ ಕಮ್ಮಿ ಮಾಡಲ್ಲ" ಎಂದರು.

ನಾವಿರುವುದು ಯಾವ ಕಾಲದಲ್ಲಿ? ಹದಿನಾಲ್ಕು ವರ್ಷ ಇದೇ ಕೈಯ ಮುದ್ದೆ ಉಂಡು ಬೆವರು ಸುರಿಸಿದ ಕಾರ್ಖಾನೆಯದು! ಸಂಬಳ ಕಮ್ಮಿ ಮಾಡಲ್ಲ ಎಂಬ ಔದಾರ್ಯ ಬೇರೆ.

"ಯಾರು ಕಂಪ್ಲೇಂಟ್ ಕೊಟ್ಟಿದ್ದು ಅಂತ ಕೇಳ್ದೆ. ಹೇಳ್ಲಿಲ್ಲ" ಎನ್ನುವಾಗ ತಾಜಕ್ಕನ ಕೈ ನಿಲ್ಲುತ್ತದೆ. "ತಟ್ಟೆ ತೊಳೀತಾ ತೊಳೀತಾ ಸಾಲಲ್ಲಿ ನಿಂತೋರನ್ನೇ ನೋಡ್ತಿದ್ದೆ. ಇವನಾ? ಅವನಾ? ಹೋದ್ವಾರ ಮಗೂಗೆ ಹುಷಾರಿಲ್ಲ ಅಂತ ಅತ್ಕೊಂಡು ಬಂದಿದ್ನಲ್ಲ, ಅವನಾ? ಹುಚ್ಚು ಹಿಡಿಯೋದೊಂದು ಬಾಕಿ ಮೇಡಂ."

ರಾಜೀನಾಮೆ ಕೊಟ್ಟರೆ ಒಂದಿಷ್ಟು ದುಡ್ಡು ಸೇರಿಸಿ ಕೊಡುತ್ತೇವೆ ಎಂಬ ಮಾತೂ ಬಂತು. ಇವರು ಒಪ್ಪಲಿಲ್ಲ. ದಿನಾ ಕೆಲಸಕ್ಕೆ ಮುಂಚೆ ಮ್ಯಾನೇಜರ್ ಬಾಗಿಲಲ್ಲಿ ನಿಂತು ಒಂದೇ ಮಾತು: "ನಾನು ಮುಸ್ಲಿಂ, ಅದಕ್ಕೆ ಮುದ್ದೆ ಮುಟ್ಟಬಾರದು ಅಂತ ಬರೆದುಕೊಡಿ ಸಾರ್. ಮನೇಲಿ ತೋರಿಸ್ಬೇಕು." ಬಾಯಲ್ಲಿ ಸಲೀಸಾಗಿ ಬಂದ ಮಾತು ಮ್ಯಾನೇಜರರ ಪೆನ್ನಿಗೆ ಮಾತ್ರ ಬರಲಿಲ್ಲ. ಕೊನೆಗೆ ಹೊಸ ಉಪಾಯ ಹೂಡಿದರು. ಮುದ್ದೆ ಕಟ್ಟಬಹುದು, ಆದರೆ ಗ್ಲೌಸ್ ಹಾಕಿಕೊಂಡು. ಸ್ವಚ್ಛತೆಯ ಪ್ರಶ್ನೆ ಎಂದರು. ಅಡುಗೆಮನೆಯಲ್ಲಿ ಇನ್ನೂ ಮೂವರಿದ್ದಾರೆ. ಗ್ಲೌಸ್ ಬಂದದ್ದು ಒಂದೇ ಜೊತೆ.

"ಎಲ್ಲರಿಗೂ ಕೊಡಿ, ಮೊದ್ಲು ನಾನೇ ಹಾಕ್ಕೋತೀನಿ. ನನಗೊಬ್ಬಳಿಗೇ ಅಂದ್ರೆ ಬೇಡ ಅಂದೆ" ಎನ್ನುತ್ತಾರೆ ತಾಜಕ್ಕ. ಮತ್ತೆ ಪಾತ್ರೆ ತೊಳೆಯಲು ಕೂತರು.

ಅಷ್ಟರಲ್ಲಿ, ಮಾಲೆಯವರಿಗೆ ಇವರ ಕೈಯದು ಬೇಡವಂತೆ ಎಂದು ಮ್ಯಾನೇಜರ್ ಆಫೀಸಿನಲ್ಲಿ ಹೇಳಿದ್ದು ಆ ನಾಲ್ವರಲ್ಲೊಬ್ಬರಾದ ಲೇತ್ ಆಪರೇಟರ್ ಕೊಟ್ರೇಶ್ ಕಿವಿಗೆ ಬಿತ್ತು. ತನ್ನ ವ್ರತವನ್ನೇ ನೆಪ ಮಾಡಿದ್ದಾರೆಂದು ತಿಳಿದ ಆತ ಬರಿಗಾಲಲ್ಲಿ ಆಫೀಸಿಗೆ ನುಗ್ಗಿದರಂತೆ. "ಸ್ವಾಮಿ, ಮಾಲೆ ಇರೋತನಕ ನಮ್ಮವ್ವ ಮಾಡಿದ್ದೂ ನಾನು ಉಣ್ಣಲ್ಲ. ಹಂಗಂತ ನಮ್ಮವ್ವನ್ನ ಮನೆಯಿಂದ ಆಚೆ ಹಾಕ್ತೀರಾ? ನಾವ್ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ!"

ಇಷ್ಟಾದ ಮೇಲಾದರೂ ತಪ್ಪಾಯಿತು ಎನ್ನಬೇಕಿತ್ತಲ್ಲ? ಇಲ್ಲ. "ಆಗಿದ್ದು ಆಗಿದೆ, ಈಗ ಬದಲಾಯಿಸಿದ್ರೆ ಶಿಸ್ತು ಉಳಿಯಲ್ಲ" ಎಂದರಂತೆ ಯೋಗಾನಂದ. ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ಈ ಮಾತೇ. ತಪ್ಪು ತಿಳಿದವನಿಗೆ ತಿಳಿಹೇಳಬಹುದು, ತಿಳಿದೂ ಬಿಡದವನಿಗೆ ಏನು ಹೇಳುವುದು?

ಕಾರ್ಮಿಕ ಸಂಘದ ಭರಮಪ್ಪ ಆಗ ತಾಜಕ್ಕನ ಜೊತೆ ಹೋಗಿ ಕಾರ್ಮಿಕ ಇಲಾಖೆಗೆ ದೂರು ಕೊಟ್ಟರು. ಕೊಟ್ರೇಶ್ ಸಾಕ್ಷಿ ನಿಂತರು. ಕೆಲಸ ಬದಲಾಯಿಸಿದ್ದೇಕೆ ಎಂದು ಅಧಿಕಾರಿ ಕೇಳಿದಾಗ ಯೋಗಾನಂದ ಮತ್ತೆ ಸ್ವಚ್ಛತೆಯ ಮಾತೆತ್ತಿದರು. ಧರ್ಮ ನೋಡಿ ಕೆಲಸ ಕಸಿಯುವಂತಿಲ್ಲ ಎಂದು ಅಧಿಕಾರಿ ಖಡಾಖಂಡಿತವಾಗಿ ಹೇಳಿದರು. ಮರುವಾರವೇ ತಾಜಕ್ಕನ ಕೈಗೆ ಹಿಟ್ಟಿನ ಕೋಲು ವಾಪಸು ಬಂತು. ಕ್ಷಮೆಯ ಮಾತು ಇವತ್ತಿಗೂ ಬಂದಿಲ್ಲ. ಕಾರ್ಖಾನೆಯ ಹೆಸರು ಹಾಕಬೇಡಿ ಎನ್ನುವುದೂ ತಾಜಕ್ಕನೇ: "ಇನ್ನೂರು ಮನೆ ಅನ್ನ ಅದು ಮೇಡಂ."

ಆರು ಗಂಟೆಗೆ ಸೈರನ್ ಕೂಗುತ್ತದೆ. ಸಾಲು ಬೆಳೆಯುತ್ತದೆ. ಮುದ್ದೆ ಇಡುವ ಮುಂಚೆ ತಾಜಕ್ಕ ಪ್ರತಿಯೊಬ್ಬರನ್ನೂ ಕತ್ತೆತ್ತಿ ನೋಡುವುದನ್ನು ಗಮನಿಸಿ, ಗೆದ್ದಿರಲ್ಲ, ಇನ್ನೇನು ಆಸೆ ಎಂದು ಕೇಳುತ್ತೇನೆ.

"ಮುಂಚೆ ಬಡಿಸ್ವಾಗ ನಾನು ಯಾರ ಮುಖಾನೂ ನೋಡ್ತಿರ್ಲಿಲ್ಲ. ತಟ್ಟೆ ಬಂತಾ, ಮುದ್ದೆ ಇಟ್ಟೆ, ಅಷ್ಟೆ. ಯಾರೂ ಏನೂ ಅಂದಿಲ್ಲ ಅಂತ ಗೊತ್ತು. ಆದ್ರೂ ಈಗ ನೋಡ್ತೀನಿ, ಬೇಡ ಅಂದ್ರೂ ಕಣ್ಣು ಹೋಗುತ್ತೆ" ಎಂದು ಅಂಗೈಯನ್ನು ಮತ್ತೆ ನೀರಿಗೆ ಅದ್ದುತ್ತಾರೆ. "ಮೊದಲಿನಂಗೆ ಬರೀ ತಟ್ಟೆ ನೋಡಿ ಬಡಿಸೋ ಹಂಗಾಗ್ಬೇಕು ಮೇಡಂ. ಅಷ್ಟಾದ್ರೆ ಸಾಕು."